ಬಿರಡೆ

"ಆಗುತ್ತೆ ಸಾರ್" ಅಂದುಬಿಟ್ಟಿದ್ದಳು ಸೌಂದರ್ಯಾ. ಅಂದದ್ದು ಬೆಳಿಗ್ಗೆ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಬಚ್ಚಲಮನೆಯ ಬಾಗಿಲಲ್ಲಿ ನಿಂತು. ಫೋನಿನ ಆ ಕಡೆ ಅವಳ ಪಿಟೀಲು ಮೇಷ್ಟ್ರು ಜಗನ್ನಾಥ. ಸಂಜೆ ಬಸವೇಶ್ವರನಗರದ ರಾಮೋತ್ಸವದ ಪೆಂಡಾಲಿನಲ್ಲಿ ಲತಾಳ ಹಾಡುಗಾರಿಕೆ, ಪಕ್ಕವಾದ್ಯಕ್ಕೆ ಒಪ್ಪಿಕೊಂಡಿದ್ದ ಹುಡುಗ ಜ್ವರ ಬಂದು ಮಲಗಿದಾನೆ, ನೀನು ಹೋಗಿ ಕೂತ್ಕೊಳ್ತೀಯಾ, ಆಗುತ್ತಾ? ಯೋಚನೆ ಮಾಡಿ ಹೇಳ್ತೀನಿ ಅನ್ನಬಹುದಿತ್ತು. ಕಾಲೇಜಲ್ಲಿ ಟೆಸ್ಟ್ ಇದೆ ಅನ್ನಬಹುದಿತ್ತು. ಸಂಗೀತದ ಡಿಗ್ರಿ ಓದುವ ಹುಡುಗಿಗೆ ಯಾವಾಗಲೂ ಒಂದು ಟೆಸ್ಟ್ ಇದ್ದೇ ಇರುತ್ತೆ, ಯಾರೂ ಬಂದು ನೋಡುವುದಿಲ್ಲ. ಆದರೆ ನೊರೆಯ ಜೊತೆ ಮಾತೂ ಹೊರಗೆ ಬಿತ್ತು. ಮೇಷ್ಟ್ರು, "ನೋಡು ಮಗು, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋದ ಸಲದ ಹಾಗೆ ಇನ್ನೊಂದ್ಸಲ ಆದ್ರೆ ನಾನು ಯಾರ ಮುಂದೇನೂ ನಿನ್ನ ಹೆಸರು ಎತ್ತೋಕಾಗಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಹಾಗೆ" ಅಂದರು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿತ್ತು? ಪಕ್ಕವಾದ್ಯದವರನ್ನು ಯಾರೂ ಮಾರ್ಕ್ಸ್ ಕಾರ್ಡ್ ನೋಡಿ ಕರೆಯುವುದಿಲ್ಲ. ಯಾರೋ ಯಾರಿಗೋ ಫೋನಿನಲ್ಲಿ 'ಆ ಹುಡುಗಿ ಇದಾಳಲ್ಲ, ಅವಳನ್ನ ಹಾಕ್ಕೊಳ್ಳಿ' ಅನ್ನಬೇಕು. ಅನ್ನುವುದು ನಿಂತರೆ ಪಿಟೀಲು ಅಟ್ಟ ಸೇರುತ್ತೆ, ಅಷ್ಟೆ. ಇವತ್ತು ಸಂಜೆ ತನ್ನ ಸರದಿ ಬಂದಾಗ ಕೈ ಆಡಬೇಕು. ಆಡದಿದ್ದರೆ ಮುಗೀತು. ಸೌಂದರ್ಯಾ ಬಾಯಿ ಮುಕ್ಕಳಿಸಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಹೆದರಿದ ಮುಖವೇನೂ ಆಗಿರಲಿಲ್ಲ, ಗಲ್ಲಕ್ಕೆ ಮಾತ್ರ ಪೇಸ್ಟ್ ಅಂಟಿತ್ತು.

ಹೋದ ಸಲ ಅಂದರೆ ರಾಜಾಜಿನಗರದ ಗಣೇಶೋತ್ಸವ. ಅದು ನೆನಪಾಗುತ್ತೆ ಅನ್ನುವ ಹಾಗಿಲ್ಲ, ಅದು ಅಲ್ಲೇ ಇರುತ್ತೆ, ಆಫ್ ಮಾಡಲು ಮರೆತ ಗೀಸರಿನ ಕೆಂಪು ದೀಪದ ಹಾಗೆ. ಹಾಡುವವರು ಶಂಕರಾಭರಣವನ್ನು ಆಲಾಪನೆ ಮಾಡಿ ಮುಗಿಸಿ, ಇನ್ನು ನೀನು ಅಂತ ಇವಳ ಕಡೆ ಕೈ ತೋರಿಸಿದ್ದರು. ಕಛೇರಿಯಲ್ಲಿ ಪಿಟೀಲಿನವಳಿಗೆ ಒಬ್ಬಳಿಗೇ ಅಂತ ಸಿಗುವ ಹೊತ್ತು ಅದು. ಮಿಕ್ಕಿದ್ದೆಲ್ಲ ಹಾಡುವವರ ಬೆನ್ನ ಹಿಂದೆ ಓಡುವ ಕೆಲಸ. ಆಗ ಮೃದಂಗವೂ ಸುಮ್ಮನಿರುತ್ತೆ, ಹಾಡುವವರೂ ನೀರು ಕುಡಿಯುತ್ತಾರೆ, ಶ್ರುತಿಪೆಟ್ಟಿಗೆಯೊಂದು ಗುಂಯ್ ಅನ್ನುತ್ತಿರುತ್ತೆ, ಜನ ಇವಳನ್ನು ನೋಡುತ್ತಾರೆ. ಶಂಕರಾಭರಣ! ಮೇಷ್ಟ್ರ ಮನೆಗೆ ಪಾಠಕ್ಕೆ ಬರುವ ಚಿಳ್ಳೆಪಿಳ್ಳೆಗಳಿಗೂ ಬರುವ ರಾಗ. ಕಮಾನನ್ನು ತಂತಿಯ ಮೇಲಿಟ್ಟಳು, ಕೈ ಹೋಗಲಿಲ್ಲ. ತಲೆಯಲ್ಲಿ ರಾಗ ಇರಲಿಲ್ಲ, ರಾಗದ ಹೆಸರು ಮಾತ್ರ ಇತ್ತು. ಎಡಗೈ ತಾನಾಗಿ ಮೇಲೆ ಹೋಗಿ ತಂತಿ ಬಿಗಿಯುವ ಬಿರಡೆಯನ್ನು ತಿರುವಿತು. ತಂತಿ ಸರಿಯಾಗೇ ಇತ್ತು; ಅದನ್ನು ಬೇಕಂತಲೇ ಇಳಿಸಿ, ಮತ್ತೆ ಬಿಗಿದು, ಕಿವಿ ಹತ್ತಿರ ತಂದು ಮೀಟಿ, ಹುಬ್ಬು ಗಂಟಿಕ್ಕಿ, ಇನ್ನೊಂದು ಬಿರಡೆ. ಪಿಟೀಲು ಬಲ್ಲವರೆಲ್ಲ ಮಾಡುವ ಕೆಲಸ ಅದು, ಯಾರೂ ಅನುಮಾನ ಪಡುವುದಿಲ್ಲ, ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತೂ ದಾಟಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹಾಡುವವರು ಕಾದು ಕಾದು, ಕೊನೆಗೆ ಇವಳ ಕಡೆ ನೋಡದೆ ಕೀರ್ತನೆ ಎತ್ತಿಕೊಂಡರು. ಬಿರಡೆ ಜಾರ್ತಾ ಇತ್ತು ಸಾರ್, ಎಂದಳು ಆಮೇಲೆ ಎಲ್ಲರಿಗೂ. ಮೇಷ್ಟ್ರಿಗೂ ಅಂದಳು, ಅಪ್ಪನಿಗೂ ಅಂದಳು.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ, ಇವಳ ಸುಳ್ಳು ಸ್ಕೂಟರ್ ಹತ್ತಿ ಹೋಯಿತು. ಅಪ್ಪ ಕಾಂತರಾಜು ಮಾರೇನಹಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಸಾಮಾನು ಕೆಟ್ಟರೆ ಕೊಟ್ಟವನ ಹತ್ತಿರ ವಾಪಸ್ ಒಯ್ಯಬೇಕು ಅನ್ನುವುದು ಅವನಿಗೆ ಗೊತ್ತಿರುವ ನ್ಯಾಯ. ಮಾರನೇ ದಿನವೇ ಪಿಟೀಲನ್ನು ಹೆಗಲಿಗೆ ಹಾಕಿಕೊಂಡು ಆ ಬಿರಡೆಗಳನ್ನು ಹಾಕಿಕೊಟ್ಟಿದ್ದ, ಪ್ರಕಾಶನಗರದಲ್ಲಿ ವಾದ್ಯ ರಿಪೇರಿ ಮಾಡುವ ಬೆಟ್ಟಯ್ಯನ ಮನೆಗೆ ಹೋದ. "ನನ್ ಮಗಳ ಮಾನ ಕಳೆದ್ಯಲ್ಲಯ್ಯಾ" ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿದ. ಸೌಂದರ್ಯಾ ಸ್ಕೂಟರಿನ ಪಕ್ಕ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದಳು. ಬೆಟ್ಟಯ್ಯ ಒಂದು ಮಾತು ಎದುರಾಡಲಿಲ್ಲ, "ನಂದೇ ಎಲ್ಲೋ ತಪ್ಪಿರ್ಬೋದು ಸಾಮಿ, ಬದಲಾಯಿಸ್ಕೊಡ್ತೀನಿ" ಅಂದ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿ ಹಾಕುತ್ತ ನಿಂತಳು. ಕಛೇರಿಯ ಜನ ಅಪ್ಪನಷ್ಟು ಮುಗ್ಧರಲ್ಲವಲ್ಲ. ಅವತ್ತು ಮೃದಂಗಕ್ಕೆ ಕೂತಿದ್ದ ಚನ್ನಕೇಶವ ಬ್ಯಾಂಕಿನಲ್ಲಿ ಕೆಲಸ ಮಾಡುವ ಮನುಷ್ಯ, ಬಾಯಿ ಸುಮ್ಮನಿರುವ ಜಾತಿಯಲ್ಲ. ಅವನು ಯಾರದೋ ಹತ್ತಿರ 'ಬಿರಡೆ ಸೌಂದರ್ಯಾ' ಅಂದ. ಅದು ಅಂಟಿಕೊಂಡಿತು. ಕಾಲೇಜಿನ ಕಾರಿಡಾರಿಗೂ ಬಂತು. ಅದಕ್ಕೂ ಮೊದಲೇ ಇವಳು ಆ ಜಾಗದಲ್ಲಿ ಸ್ವಲ್ಪ ಹೊರಗಿನವಳೇ. 'ನಿಮ್ಮನೇಲಿ ಯಾರಾದ್ರೂ ಹಾಡ್ತಾರಾ?' ಅಂತ ಎಲ್ಲರೂ ಕೇಳುತ್ತಿದ್ದರು, ಕೇಳಿ ಉತ್ತರಕ್ಕೆ ಮುಂಚೆಯೇ ಪಾಪ ಅನ್ನುವ ಹಾಗೆ ನಗುತ್ತಿದ್ದರು. ನಮ್ಮನೇಲಿ ಟೈಲ್ಸ್ ಮಾರ್ತಾರೆ, ಅದಕ್ಕೂ ಮುಂಚೆ ಇಲ್ಲೇ ರಾಗಿ ಬೆಳೀತಿದ್ರು, ನೀವು ನಿಂತಿದೀರಲ್ಲ ಅಲ್ಲೇ ಎಲ್ಲೋ, ಅಂತ ಹೇಳಬೇಕು ಅನ್ನಿಸುತ್ತಿತ್ತು. ಹೇಳಿದ್ದು ಒಂದೇ ಒಂದು ಸಲ, ಅದೂ ಮೆಟ್ರೋದಲ್ಲಿ, ಮನಸ್ಸಿನೊಳಗೆ.

"ಯಾರೇ ಅದು ಫೋನು?" ಅಂದಳು ಅಡುಗೆಮನೆಯಿಂದ ಅಜ್ಜಿ ಗಂಗಲಕ್ಷ್ಮಮ್ಮ. ಸಂಜೆ ಕಛೇರಿ ಅಜ್ಜೀ, ಅಂದಳು ಸೌಂದರ್ಯಾ. ಅಜ್ಜಿಯ ಕೈಯ ಲಟ್ಟಣಿಗೆ ನಿಂತಿತು. "ಹುಷಾರಾಗಿದೀಯಾ ತಾನೇ? ಮತ್ತೆ ಊಟ ಬಿಡೋದು ನಿದ್ದೆ ಬಿಡೋದು ಮಾಡಿದ್ರೆ ಆ ಪಿಟೀಲು ಪೆಟ್ಟಿಗೇನ ಒಲೆಗಾಕ್ತೀನಿ, ನೋಡ್ಕೋ." ಹಾಕುವವಳೇ. ಗಣೇಶೋತ್ಸವದ ನಂತರದ ತಿಂಗಳುಗಳನ್ನು ಅಜ್ಜಿ ಕಣ್ಣಾರೆ ನೋಡಿದ್ದಳು. ಸಂಗೀತದವರು ಅಸುರ ಸಾಧಕ ಅನ್ನುತ್ತಾರೆ, ರಾಕ್ಷಸರ ಹಾಗೆ ಕೂತು ಅಭ್ಯಾಸ ಮಾಡುವುದು. ಅದನ್ನು ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ! ಸೌಂದರ್ಯಾ ಅಸುರಿಯೇ ಆಗಿದ್ದಳು. ಹಾಲು ಬರುವ ಮುಂಚೆ ಕೂತರೆ ಬೆರಳ ತುದಿ ಒಡೆದು ತಂತಿಗೆ ಅಂಟುವವರೆಗೆ. ಒಡೆದ ಬೆರಳಿಗೆ ಟೇಪು ಸುತ್ತಿ ಮತ್ತೆ. ಅದು ಅಭ್ಯಾಸವಲ್ಲ, ಏಟು, ಅನ್ನುವುದು ಅವಳಿಗೆ ಆಗ ಹೊಳೆದಿರಲಿಲ್ಲ. ತನ್ನ ಕೈಯನ್ನು ತಾನೇ ಕಟ್ಟಿಹಾಕಿ ಹೊಡೆಯುತ್ತಿದ್ದಳು, ಯಾಕೆ ನಿಂತೆ, ಯಾಕೆ ನಿಂತೆ ಅಂತ. ಊಟ ಸೇರುತ್ತಿರಲಿಲ್ಲ. ಮಲಗಿದರೆ ಎದೆ ಮೆಟ್ರೋ ಕಂಬದಷ್ಟು ಭಾರ. ಅಜ್ಜಿ ದೃಷ್ಟಿ ಅಂದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಘಾಟು ಬರಲಿಲ್ಲ ನೋಡು ಎಂಥಾ ದೃಷ್ಟಿ ಅಂದಳು. ಪಕ್ಕದ ಮನೆಯವರೆಲ್ಲ ಕೆಮ್ಮುತ್ತಿದ್ದರು.

ಕಾಲೇಜಿನ ಕೌನ್ಸೆಲರ್ ಅನು ಮೇಡಂ ಹತ್ತಿರ ಹೋದದ್ದು ತಾನಾಗಿ ಅಲ್ಲ, ಕ್ಲಾಸಿನಲ್ಲಿ ತಲೆ ಸುತ್ತಿ ಬಿದ್ದಿದ್ದಕ್ಕೆ ಕಳಿಸಿದರು. ಆಯಮ್ಮನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ, ಪಿಟೀಲಿಗೆ ಎಷ್ಟು ತಂತಿ ಅಂತಲೂ ಗೊತ್ತಿರಲಿಲ್ಲ. ಇವರೇನು ನನಗೆ ಹೇಳುವುದು ಅಂತ ಸೌಂದರ್ಯಾ ಮುಖ ಬಿಗಿದುಕೊಂಡು ಕೂತಳು. ಅವರು ಕೇಳಿದ್ದು ಇಷ್ಟೇ: "ರಾತ್ರಿ ಎಷ್ಟು ಹೊತ್ತು ಮಲಗ್ತೀಯಾ? ಬೆಳಿಗ್ಗೆ ಏನ್ ತಿಂದೆ?" ಇಷ್ಟಕ್ಕಾ ಇಲ್ಲಿಗೆ ಕಳಿಸಿದ್ದು, ಇದನ್ನ ನಮ್ಮಜ್ಜೀನೂ ಕೇಳ್ತಾಳೆ, ಅನ್ನಿಸಿತು. ಆದರೆ ಆ ಪ್ರಶ್ನೆಗೇ ಅಳು ಬಂದುಬಿಟ್ಟಿತ್ತು, ಮೂಗು ಸೋರಿಸಿಕೊಂಡು ಅತ್ತಿದ್ದಳು, ಟಿಶ್ಯೂ ಡಬ್ಬಿ ಖಾಲಿ ಮಾಡಿದ್ದಳು. ಹೋಗುತ್ತ ಹೋಗುತ್ತ ಒಂದೊಂದೇ ಸರಿಯಾಯಿತು. ಒಂದೇ ಏಟಿಗೆ ಏನೂ ಆಗಲಿಲ್ಲ, ಸಿನಿಮಾ ಅಲ್ಲವಲ್ಲ. ನಿದ್ದೆ ಬಂತು. ಬಸ್ಸಾರಿನ ರುಚಿ ವಾಪಸ್ ಬಂತು. ಅಭ್ಯಾಸಕ್ಕೆ ಒಂದು ಗೆರೆ ಬಿತ್ತು: ಇಷ್ಟು ಹೊತ್ತು ಕೂರುವುದು, ಆಮೇಲೆ ಪೆಟ್ಟಿಗೆ ಮುಚ್ಚುವುದು, ಮನಸ್ಸು ಎಷ್ಟೇ ಬೈದರೂ ತೆಗೆಯದಿರುವುದು. ಅದೇ ಎಲ್ಲಕ್ಕಿಂತ ಕಷ್ಟ. ಮುಚ್ಚಿದ ಪೆಟ್ಟಿಗೆ ಮೂಲೆಯಲ್ಲಿ ಕೂತು 'ಬೇರೆಯವರೆಲ್ಲ ಈಗಲೂ ನುಡಿಸ್ತಾ ಇದಾರೆ' ಅನ್ನುತ್ತಿತ್ತು. ನುಡಿಸ್ಕೊಳ್ಳಲಿ ಬಿಡು, ಅನ್ನುವುದನ್ನು ಸೌಂದರ್ಯಾ ಪಾಠದ ಹಾಗೆ ಕಲಿತಳು, ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ.

ಇವತ್ತು ಬರಲಿಲ್ಲ. ಬೆಳಗಿನ ಅಭ್ಯಾಸ ಮುಗಿದಿತ್ತು, ಪೆಟ್ಟಿಗೆ ಮುಚ್ಚಿತ್ತು, ಆದರೆ ಕೈ ಮತ್ತೆ ಮತ್ತೆ ಅದರ ಚಿಲಕದ ಹತ್ತಿರ ಹೋಗುತ್ತಿತ್ತು. ಲತಾ ಯಾವ ರಾಗ ಎತ್ತಿಕೊಳ್ಳುತ್ತಾಳೆ? ತೋಡಿ ಇರಬಹುದು, ಕಾಂಭೋಜಿ ಇರಬಹುದು. ಫೋನ್ ಮಾಡಿ ಕೇಳಿದರೆ? ಛೆ, ಕೇಳುವ ಹಾಗಿಲ್ಲ. ಕೇಳಿದ ಪಿಟೀಲಿನವರನ್ನು ಜನ ಪುಕ್ಕಲು ಅನ್ನುತ್ತಾರೆ. ಹಾಡುವವರು ಏನು ಎತ್ತಿದರೂ ಹಿಡಿಯಬೇಕು, ಅದೇ ಮರ್ಯಾದೆ. ಈ ಮರ್ಯಾದೆಯನ್ನು ಯಾವ ಪುಣ್ಯಾತ್ಮ ಮಾಡಿದನೋ, ಅವನ ಕೈ ಒಂದು ದಿನವೂ ನಿಂತಿರಲಿಕ್ಕಿಲ್ಲ. ಟಿವಿಯಲ್ಲಿ ಯಾವುದೋ ಅಡುಗೆ ಸ್ಪರ್ಧೆ, ಸೋತ ಹೆಂಗಸು ಕುಕ್ಕರ್ ಸರಿ ಇರಲಿಲ್ಲ ಅಂತ ಹೇಳುತ್ತಿದ್ದಳು. ಅಜ್ಜಿ ಸೊಪ್ಪು ಬಿಡಿಸುತ್ತ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಅಂದು ನಕ್ಕಳು. ಪಾಪ, ಅಜ್ಜಿಗೆ ಏನೂ ಗೊತ್ತಿಲ್ಲ. ಸೌಂದರ್ಯಾಳ ಕಿವಿ ಕೆಂಪಾಯಿತು. ಅದರ ಹಿಂದೆಯೇ, ಯಾಕೋ ಏನೋ, ನಗುವೂ ಬಂತು. ಹೌದಲ್ಲ, ನಾನೇ ಆ ಡೊಂಕು ನೆಲದವಳು, ನೆಲಾನ ಬದಲಾಯಿಸೋಕೆ ಅಪ್ಪನ್ನೂ ಕಳಿಸಿದ್ದೆ. ನಕ್ಕ ಮೇಲೆ ಚಿಲಕದ ಮೇಲಿನ ಕೈ ಹಗುರಾಯಿತು. ಪೆಟ್ಟಿಗೆ ತೆಗೆಯಲಿಲ್ಲ. ಮುದ್ದೆ ನುಂಗಿದಳು, ಎರಡನೇ ಸಲ ಸಾರು ಹಾಕಿಸಿಕೊಂಡಳು, ಮತ್ತೆ ಮಾಡಿದಳು ನೋಡಿ ಒಂದು ಕೆಲಸ, ಸಂಗೀತದ ಜನ ಕೇಳಿದರೆ ಶಿವ ಶಿವ ಅನ್ನುವಂಥದ್ದು: ಕಛೇರಿಯ ದಿನ, ನಡುಹಗಲಲ್ಲಿ, ಫ್ಯಾನು ಹಾಕಿಕೊಂಡು ಗೊರಕೆ ಹೊಡೆದು ಮಲಗಿದಳು. ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಸೀರೆ ಉಡಿಸುವಾಗ ಅಜ್ಜಿ ನೆರಿಗೆಯನ್ನು ಬಾಯಲ್ಲಿ ಕಚ್ಚಿಕೊಂಡೇ "ಕಳೆ ಬಂದಿದೆ ಮುಖಕ್ಕೆ" ಅಂದಳು.

ಆಟೋದವನು ಮಾರೇನಹಳ್ಳಿಯಿಂದ ಕಾರ್ಡ್ ರೋಡಿಗೆ ಹತ್ತಿ ಅಲ್ಲೇ ನಿಂತ. ಏಪ್ರಿಲಿನ ಬಿಸಿಲು ಇಳಿದಿರಲಿಲ್ಲ. ಮುಂದೆ ಬಸ್ಸು, ಹಿಂದೆ ಬಸ್ಸು, ಮಧ್ಯೆ ಕರಬೂಜ ಹಣ್ಣಿನ ಗಾಡಿ. ಪಿಟೀಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಳು. "ಗಿಟಾರಾ ಮೇಡಂ?" ಅಂದ ಡ್ರೈವರ್. "ಪಿಟೀಲು ಅಣ್ಣ." "ಓ, ನಮ್ ಕಡೆ ಪಿಟೀಲು ಕುಯ್ಯೋದು ಅಂದ್ರೆ ಬೇರೇನೇ," ಅಂದು ಕನ್ನಡಿಯಲ್ಲಿ ಹಲ್ಲು ಬಿಟ್ಟ. ನಮ್ ಕಡೇನೂ ಅದೇ ಅಣ್ಣ, ಅಂದಳು. ಪ್ರಕಾಶನಗರದ ಕಡೆ ತಿರುಗುವ ರಸ್ತೆ ಬಂದಾಗ ಬೆಟ್ಟಯ್ಯ ನೆನಪಾದ, ಅವನ ಜಗುಲಿಯ ಮೇಲಿನ ಗೋಂದಿನ ಡಬ್ಬಿ, ನಂದೇ ಎಲ್ಲೋ ತಪ್ಪಿರ್ಬೋದು ಸಾಮಿ. ಆ ಮನುಷ್ಯನ ಮುಖ ನೋಡಿ ನಿಜ ಹೇಳುವುದು ಬಾಕಿ ಇತ್ತು. ಅನು ಮೇಡಂ ಅವಸರ ಬೇಡ ಅಂದಿದ್ದರು, ಅವಸರ ಮಾಡಿರಲಿಲ್ಲ, ಇಷ್ಟೊಂದು ನಿಧಾನವೂ ಒಳ್ಳೆಯದಲ್ಲವೇನೋ. ಮುಂದಿನ ವಾರ ಅಂದುಕೊಂಡಳು. ಹೋದ ವಾರವೂ ಹಾಗೇ ಅಂದುಕೊಂಡಿದ್ದಳು. ಆಟೋ ಮುಂದೆ ಹೋಯಿತು. ಬಲಗಾಲ ಹಿಮ್ಮಡಿ ಆಗಲೇ ಸಣ್ಣಗೆ ನಡುಗುತ್ತಿತ್ತು. ಅದೇ ಯಾವಾಗಲೂ ಮೊದಲು ಸುದ್ದಿ ಕೊಡುವುದು. ನೆಲದ ಮೇಲೆ ಕೂತು ನುಡಿಸುವಾಗ ಪಿಟೀಲಿನ ತುದಿ ಬಲಗಾಲಿನ ಮೇಲೆ ಊರಿರುತ್ತೆ, ಕಾಲು ನಡುಗಿದರೆ ನಾದವೂ ನಡುಗುತ್ತೆ, ಹೆದರಿದ್ದೀಯಾ ಅಂತ ಊರಿಗೆಲ್ಲ ಸಾರುತ್ತೆ. ಹೆದರಿದ್ದೀನಿ, ಏನಿವಾಗ? ಅಂದಳು ಕಾಲಿಗೆ. ಕಾಲು ನಡುಗುವುದನ್ನು ನಿಲ್ಲಿಸಲಿಲ್ಲ.

ಪೆಂಡಾಲಿನಲ್ಲಿ ಪಾನಕದ ಡ್ರಮ್ಮಿನ ಸುತ್ತ ಮಕ್ಕಳು ಮುತ್ತಿದ್ದರು, ಮೈಕಿನವನು ಚೆಕ್ ಚೆಕ್ ಅನ್ನುತ್ತಿದ್ದ. ಲತಾ ವೇದಿಕೆಯ ಹಿಂದಿನ ಕುರ್ಚಿಯಲ್ಲಿ ಆರಾಮಾಗಿ ಕೂತು ಫ್ಲಾಸ್ಕಿನಿಂದ ಏನೋ ಕಷಾಯ ಹೀರುತ್ತಿದ್ದಳು. ಸೌಂದರ್ಯಾಗಿಂತ ಸ್ವಲ್ಪವೇ ದೊಡ್ಡವಳು, ಆದರೆ ಹೆಸರು ಮಾಡುತ್ತಿದ್ದಳು, ಫೋನಿನಲ್ಲಿ ಅವಳ ಹಾಡು ಕೇಳುವ ಸಾವಿರಾರು ಜನ ಇದ್ದರು. ಇಂಥವರಿಗೆ ಭಯ ಅನ್ನುವುದು ಯಾವ ಬಸ್ಸಿನಲ್ಲಿ ಬರುತ್ತೆ ಅಂತಲೂ ಗೊತ್ತಿರುವುದಿಲ್ಲ ಅಂದುಕೊಂಡಳು ಸೌಂದರ್ಯಾ. ಪಕ್ಕದಲ್ಲಿ ಮೃದಂಗದ ಎಡಗಡೆಗೆ ಕಲಸಿದ ರವೆ ಮೆತ್ತುತ್ತಿದ್ದವನು, ಹಣೆಬರಹ, ಅದೇ ಚನ್ನಕೇಶವ. "ಓಹೋ, ಬಾಮ್ಮ ಬಾ" ಅಂದ. ಲತಾ ತಲೆಯೆತ್ತಿ, "ನೀನಾ? ಜಗನ್ನಾಥ್ ಸಾರ್ ಹೇಳಿದ್ರು" ಅಂದಳು. ಆಮೇಲೆ, ಕೆಟ್ಟದಾಗಿ ಅಲ್ಲ, ತೀರಾ ಸಹಜವಾಗಿ, "ಬಿರಡೆ ಎಲ್ಲ ಸರಿ ಇದೆ ತಾನೇ?" ಚನ್ನಕೇಶವ ಮೃದಂಗದ ಕಡೆ ಬಗ್ಗಿ ನಗು ನುಂಗಿದ. ಹೂಂ ಅಂದು ಪೆಟ್ಟಿಗೆ ಬಿಚ್ಚಬಹುದಿತ್ತು. "ಬಿರಡೆ ಅವತ್ತೂ ಸರೀನೇ ಇತ್ತು," ಅಂದಳು. "ಜಾರಿದ್ದು ನಾನು. ಭಯಕ್ಕೆ ತಿರುವ್ತಾ ಕೂತಿದ್ದೆ." ಚನ್ನಕೇಶವ ಕೈಯ ರವೆಯನ್ನು ನೋಡಿಕೊಂಡ, ಅವನ ನಗು ಎಲ್ಲಿ ಹೋಯಿತೋ. ಲತಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದಳು, ಬೇಕಾದ್ದಕ್ಕಿಂತ ಹೆಚ್ಚು ಸಲ. "ಸರಿ ಬಿಡು, ಹೋಗೋಣ" ಅಂದಳು. ಅಷ್ಟೇ. ಆಕಾಶ ಬೀಳಲಿಲ್ಲ, ಪೆಂಡಾಲಿನ ಬಟ್ಟೆಯೂ ಬೀಳಲಿಲ್ಲ.

ವೇದಿಕೆ ಹತ್ತಿದ ಮೇಲೆ ಮೊದಲಿನದೆಲ್ಲ ಸಲೀಸಾಗಿ ಹೋಯಿತು. ಓಡುವ ಕೆಲಸ ಅವಳಿಗೆ ಯಾವತ್ತೂ ಕಷ್ಟವಲ್ಲ. ಲತಾಳ ದನಿ ಎಲ್ಲಿ ತಿರುಗಿದರೆ ಅಲ್ಲಿ ಬೆರಳು ತಿರುಗುತ್ತಿತ್ತು, ಒಂದೆರಡು ಕಡೆ ಲತಾ ತಲೆಯಾಡಿಸಿದಳು ಕೂಡ. ಮೇಷ್ಟ್ರು ಬಂದು ಮೂರನೇ ಸಾಲಿನ ಕೊನೆಗೆ ಕೂತರು, ಎದ್ದು ಹೋಗಲು ಸುಲಭವಾಗಲಿ ಅನ್ನುವ ಹಾಗೆ. ಆಮೇಲೆ ಲತಾ ಖರಹರಪ್ರಿಯ ಎತ್ತಿಕೊಂಡಳು. ದೊಡ್ಡದಾಗಿ ಹಾಡಿದಳು, ಚೆನ್ನಾಗಿ ಹಾಡಿದಳು, ಕೆಳಗಿನಿಂದ ಮೆಲ್ಲಗೆ ಕಟ್ಟುತ್ತ ಮೇಲಿನ ಷಡ್ಜದಲ್ಲಿ ಹೋಗಿ ನಿಂತು, ಅಲ್ಲಿಂದ ಜಾರುಬಂಡೆಯ ಮೇಲೆ ಇಳಿದ ಹಾಗೆ ಇಳಿದು ಬಂದಳು. ಜನ ಚಪ್ಪಾಳೆ ತಟ್ಟಿದರು. ಅದು ನಿಲ್ಲುವ ಮುಂಚೆಯೇ ಸೌಂದರ್ಯಾಗೆ ಗೊತ್ತಾಯಿತು, ಬರ್ತಾ ಇದೆ. ಲತಾ ಇವಳ ಕಡೆ ಕೈ ತೋರಿಸಿದಳು. ಸೌಂದರ್ಯಾ ಕಮಾನು ಇಟ್ಟಳು. ಒಂದು ಎಳೆ ನುಡಿಸಿದಳು, ಇನ್ನೊಂದು. ಮೂರನೆಯದು ಎಲ್ಲಿಗೆ ಹೋಗಬೇಕು? ಎಲ್ಲಿಗೂ ಇಲ್ಲ. ಯಾರೋ ಒಳಗಿನಿಂದ ದೀಪ ಆರಿಸಿದ ಹಾಗೆ. ಖರಹರಪ್ರಿಯ ಅನ್ನುವ ಹೆಸರು ಮಾತ್ರ ಉಳಿಯಿತು. ಶ್ರುತಿಯ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಎಲ್ಲಿಯೋ ಪಾನಕದ ಲೋಟ ಬಿತ್ತು. ನಿದ್ದೆ ಮಾಡಿದ್ದೆ, ಊಟ ಮಾಡಿದ್ದೆ, ಎಲ್ಲ ಮಾಡಿದ್ದೆ, ಆದರೂ! ಅನ್ನಿಸಿ ಎದೆಗೆ ಮೋಸವಾದ ಹಾಗಾಯಿತು. ಬಲಗಾಲು ನಡುಗುತ್ತಿತ್ತು, ಬೆರಳು ಬೆವೆತು ತಂತಿಗೆ ಅಂಟುತ್ತಿತ್ತು. ಎಡಗೈ ಮೇಲೆ ಹೋಗುತ್ತಿತ್ತು, ಬಿರಡೆಯ ಕಡೆ. ಎಷ್ಟು ಹತ್ತಿರ ಇತ್ತು ಅದು, ಎಷ್ಟು ಸುಲಭ! ಸ್ವಲ್ಪ ಇಳಿಸು, ಸ್ವಲ್ಪ ಬಿಗಿ, ಹುಬ್ಬು ಗಂಟಿಕ್ಕು. ಲತಾ ಕಾಯುತ್ತಾಳೆ, ಆಮೇಲೆ ಕೀರ್ತನೆ ಎತ್ತುತ್ತಾಳೆ, ಮೇಷ್ಟ್ರು ಎದ್ದು ಹೋಗುತ್ತಾರೆ. ಮೂರನೇ ಸಾಲಿನಲ್ಲಿ ಮೇಷ್ಟ್ರ ಮುಖ ಕಂಡಿತು, ಅವರು ಇವಳ ಎಡಗೈಯನ್ನೇ ನೋಡುತ್ತಿದ್ದರು.

ಸೌಂದರ್ಯಾ ಕೈ ಇಳಿಸಿದಳು. ಕಮಾನನ್ನು ತೊಡೆಯ ಮೇಲಿಟ್ಟಳು. ಆಮೇಲೆ ಮಾಡಿದ್ದನ್ನು ಅವಳು ಮೊದಲೇ ಯೋಚಿಸಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ, ಆ ವೇದಿಕೆಗಳ ಮೇಲೆ ಯಾವ ಪಿಟೀಲಿನವರೂ ಮಾಡಿದ್ದನ್ನು ಕಂಡಿರಲಿಲ್ಲ. ಮುಂದಿದ್ದ ಮೈಕಿನ ಕಡೆ ಬಗ್ಗಿ, ಜನರನ್ನು ನೋಡಿ, "ಒಂದ್ನಿಮಿಷ ಕೊಡಿ" ಅಂದಳು. ದನಿ ಸ್ಪೀಕರಿನಲ್ಲಿ ದೊಡ್ಡದಾಗಿ ಹೋಯಿತು, ಪಾನಕದ ಡ್ರಮ್ಮಿನವರೂ ತಿರುಗಿದರು. "ಭಯ ಆಗ್ತಿದೆ. ನುಡಿಸ್ತೀನಿ. ಒಂದ್ನಿಮಿಷ." ಮುಂದಿನ ಸಾಲಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ದಪ್ಪ ಹೆಂಗಸೊಬ್ಬಳು, ಇದರಲ್ಲಿ ವಿಶೇಷ ಏನೂ ಇಲ್ಲ ಅನ್ನುವ ಹಾಗೆ, "ಆಗ್ಲಿ ತಾಯಿ, ನಿಧಾನವಾಗಿ ನುಡ್ಸು, ನಮಗೇನು ಬಸ್ಸು ಹಿಡಿಯೋದಿದ್ಯಾ" ಅಂದಳು. ಯಾರೋ ನಕ್ಕರು. ಕೆಟ್ಟ ನಗು ಅಲ್ಲ. ಚನ್ನಕೇಶವ ತನ್ನ ನೀರಿನ ಬಾಟಲಿಯನ್ನು ನೆಲದ ಮೇಲೆ ಇವಳ ಕಡೆ ಉರುಳಿಸಿದ. ಸೌಂದರ್ಯಾ ಎತ್ತಿಕೊಂಡು ಕುಡಿದಳು, ಸೆರಗಿನಲ್ಲಿ ಬೆರಳು ಒರೆಸಿದಳು. ಕಾಲು ಇನ್ನೂ ನಡುಗುತ್ತಿತ್ತು, ನಡುಗಲಿ ಅಂತ ಬಿಟ್ಟಳು. ಇಷ್ಟು ದಿನ ಅವಳು ಎಷ್ಟೊಂದು ಜನರಿಂದ ಬಚ್ಚಿಟ್ಟಿದ್ದಳು ಇದನ್ನು, ಈಗ ಎಲ್ಲರ ಕೈಗೂ ಕೊಟ್ಟಾಗಿತ್ತು, ಇನ್ನು ಕಾವಲು ಕಾಯುವ ಕೆಲಸ ಇರಲಿಲ್ಲ. ಖಾಲಿಯಾದ ತಲೆಯಲ್ಲಿ ಶ್ರುತಿ ಕೇಳಿಸಿತು. ಷಡ್ಜ ನುಡಿಸಿದಳು, ಬರೀ ಷಡ್ಜ. ಅದರ ಪಕ್ಕದ ರಿಷಭ ಎಲ್ಲಿದೆ ಅಂತ ಬೆರಳಿಗೆ ಗೊತ್ತಿತ್ತು, ಬೆರಳು ಯಾವತ್ತೂ ಮರೆತಿರಲೇ ಇಲ್ಲ. ಅಲ್ಲಿಂದ ಗಾಂಧಾರಕ್ಕೆ ಅವಸರವಿಲ್ಲದೆ ಹೋದಳು. ಲತಾಳಷ್ಟು ದೊಡ್ಡದಾಗಿ ನುಡಿಸಲಿಲ್ಲ, ಮೇಲಿನ ಷಡ್ಜಕ್ಕೆ ಹೋಗಿ ಮೆರೆಯಲಿಲ್ಲ, ಮಧ್ಯದಲ್ಲೇ ಓಡಾಡಿದಳು, ತನಗೆ ಗೊತ್ತಿರುವ ಬೀದಿಗಳಲ್ಲಿ. ಒಂದು ಕಡೆ ನಾದ ನಡುಗಿತು, ಕಾಲಿನದು. ಅದನ್ನೂ ಸೇರಿಸಿಕೊಂಡೇ ಮುಂದೆ ಹೋದಳು. ಮುಗಿಸಿದಾಗ ಚಪ್ಪಾಳೆ ಬಂತು, ದಪ್ಪ ಹೆಂಗಸು ಬೀಸಣಿಗೆಯಿಂದ ತೊಡೆ ತಟ್ಟಿದಳು. ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಎದ್ದು ಹೋಗಿರಲಿಲ್ಲ. ಖುಷಿಗೆ ಸೌಂದರ್ಯಾಗೆ ನಗು ತಡೆಯಲಾಗಲಿಲ್ಲ, ವೇದಿಕೆ ಅಂತಲೂ ನೋಡದೆ ಹಲ್ಲು ಬಿಟ್ಟಳು.

ಇನ್ನು ಲತಾ ಕೀರ್ತನೆ ಎತ್ತಿಕೊಳ್ಳಬೇಕು. ಎತ್ತಲಿಲ್ಲ. ಚನ್ನಕೇಶವ ಕೈ ಎತ್ತಿಕೊಂಡು ಕಾಯುತ್ತಿದ್ದ. ಸೌಂದರ್ಯಾ ಪಕ್ಕಕ್ಕೆ ತಿರುಗಿ ನೋಡಿದಳು. ಲತಾಳ ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು, ಅಷ್ಟು ಹತ್ತಿರ ಕೂತವರಿಗೆ ಮಾತ್ರ ಕಾಣುವಷ್ಟು, ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಸಾಲು ನಿಂತಿತ್ತು. ಈ ಮುಖವನ್ನು ಸೌಂದರ್ಯಾ ಬಲ್ಲಳು, ದಿನಾ ಕನ್ನಡಿಯಲ್ಲಿ ನೋಡಿದ್ದಳು, ಬೇರೆಯವರ ಮೈಮೇಲೆ ನೋಡಿರಲಿಲ್ಲ. ಲತಾ ಮೈಕಿನಿಂದ ಮುಖ ಸರಿಸಿ, ತುಟಿ ಆಡಿಸದೆ, "ಸೌಂದರ್ಯಾ" ಅಂದಳು. "ಹಾಗೆ ಕೇಳಬಹುದು ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ." ಆಮೇಲೆ, ಇನ್ನೂ ಮೆಲ್ಲಗೆ, "ನನಗೂ ಒಂದ್ನಿಮಿಷ ಬೇಕು."

ಸೌಂದರ್ಯಾ ತಲೆಯಾಡಿಸಿದಳು. ಕಮಾನನ್ನು ಷಡ್ಜದ ಮೇಲಿಟ್ಟು ಉದ್ದಕ್ಕೆ ಎಳೆದಳು, ತುದಿ ಮುಟ್ಟಿದಾಗ ಗೊತ್ತಾಗದ ಹಾಗೆ ತಿರುಗಿಸಿ ಮತ್ತೆ ಎಳೆದಳು. ಜನ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಇದೂ ಹಾಡಿನ ಭಾಗವೇ ಅಂದುಕೊಂಡು. ಲತಾ ಉಸಿರು ತೆಗೆದುಕೊಳ್ಳುತ್ತಿದ್ದಳು.